ಟ್ರಾವೆಲ್ ಪದ ಚಿತ್ರಹಿಂಸೆಯಿಂದ ಹುಟ್ಟಿದ್ದಂತೆ, ನಿಜಾನಾ?

ಕಿಟಕಿ_ಸೀಟು:
ಒಂದು ಚಿತ್ರ ಎಲ್ಲ ಕಡೆ ಓಡಾಡುತ್ತಿದೆ, ನೀವೂ ನೋಡಿರುತ್ತೀರಿ. ಮೂರು ಗೂಟ ನೆಟ್ಟು ಒಬ್ಬನನ್ನು ಕೈಕಾಲು ಕಟ್ಟಿ ಬಿಗಿದಿದ್ದಾರೆ. ಕೆಳಗೆ ದಪ್ಪ ಅಕ್ಷರದಲ್ಲಿ ‘ಟ್ರಾವೆಲ್ ಪದದ ನಿಜವಾದ ಅರ್ಥ ಇದೇ’ ಅಂತ ಬರಹ. ಟ್ರಿಪಾಲಿಯಂ ಅನ್ನುವ ಹಿಂಸೆಯ ಸಾಧನದಿಂದ ಟ್ರಾವೆಲ್ ಬಂತಂತೆ. ಓದಿದಾಗ ಮಜಾ ಅನ್ನಿಸಿತು. ಆದರೆ ಇಷ್ಟು ಚೆನ್ನಾಗಿ ಹೊಂದಿಕೊಳ್ಳುವ ಕಥೆ ಕಂಡರೆ ನನಗೆ ಅನುಮಾನ ಜಾಸ್ತಿ. ಗೊತ್ತಿರುವವರು ಹೇಳಿ, ಇದು ನಿಜಾನಾ, ಇಲ್ಲ ಯಾರೋ ಸುಮ್ನೆ ಹೆಣೆದದ್ದಾ? ಜೊತೆಗೆ ಇನ್ನೊಂದು ಪ್ರಶ್ನೆ. ಟ್ರಾವೆಲ್, ಜರ್ನಿ, ಟ್ರಿಪ್, ವಾಯೇಜ್, ಟೂರ್ ಅಂತ ಇಂಗ್ಲಿಷ್‌ಗೆ ಇಷ್ಟೊಂದು ಪದ ಯಾಕೆ ಬೇಕಿತ್ತು?

ಸುಮ್ನೆ_ಬಂದೆ:
ವಿಮಾನದಲ್ಲಿ ನಡುವಿನ ಸೀಟು ಸಿಕ್ಕವರಿಗೆ ಪುರಾವೆ ಬೇಕಾಗಿಲ್ಲ. ಅಕ್ಕಪಕ್ಕದ ಎರಡು ಮೊಣಕೈ, ಮುಂದೆ ವಾಲಿಕೊಂಡು ಬಂದ ಸೀಟು. ಮೂರು ಗೂಟ ಲೆಕ್ಕ ಸರಿಹೋಯಿತು.

ಪದಗಳ_ಹಿಂದೆ:
ಕಥೆ ಬಹುಪಾಲು ಸರಿ, ಚಿತ್ರದ ಕೆಳಗಿನ ಆ ಒಂದು ಸಾಲು ತಪ್ಪು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಲ್ಯಾಟಿನ್‌ನಲ್ಲಿ ‘ಪಾಲುಸ್’ ಅಂದರೆ ಗೂಟ. ಇಂಗ್ಲಿಷಿನ ಪೋಲ್ ಅಲ್ಲಿಂದಲೇ ಬಂದದ್ದು. ‘ತ್ರಿ’ ಅಂದರೆ ಎಷ್ಟು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೀಗೆ ಮೂರು ಗೂಟದ ಸಾಧನ ಟ್ರಿಪಾಲಿಯಂ, ಬರಹದಲ್ಲಿ ಸಿಗುವ ರೂಪ ಟ್ರೆಪಾಲಿಯಂ. ಇದರಿಂದ ಆಡುಮಾತಿನ ಲ್ಯಾಟಿನ್‌ನಲ್ಲಿ ‘ಟ್ರಿಪಾಲಿಯಾರೆ’ ಅನ್ನುವ ಕ್ರಿಯಾಪದ ಇದ್ದಿರಬೇಕು, ಹಿಂಸೆ ಕೊಡು ಅನ್ನುವ ಅರ್ಥದಲ್ಲಿ. ಇದ್ದಿರಬೇಕು ಅಂದೆ ನೋಡಿ, ಯಾಕೆಂದರೆ ಅದು ಬರಹದಲ್ಲಿ ಸಿಕ್ಕ ರೂಪ ಅಲ್ಲ, ನಂತರದ ಭಾಷೆಗಳನ್ನು ಹೋಲಿಸಿ ಭಾಷಾತಜ್ಞರು ಕಟ್ಟಿಕೊಂಡದ್ದು. ನಿಘಂಟುಗಳಲ್ಲಿ ಇಂಥ ಪದಗಳ ಮುಂದೆ ಒಂದು ಪುಟ್ಟ ನಕ್ಷತ್ರ ಹಾಕಿರುತ್ತಾರೆ.

ಅಲ್ಲಿಂದ ಹಳೆಯ ಫ್ರೆಂಚ್‌ಗೆ ಬಂದಾಗ ‘ತ್ರವಾಯೆ’. ಆ ಹೊತ್ತಿಗೆ ಗೂಟ ಗೀಟ ಎಲ್ಲ ಮರೆತುಹೋಗಿದೆ. ನೋವು ಪಡು, ಕಷ್ಟಪಡು, ಮೈಮುರಿದು ದುಡಿ, ಇಷ್ಟೇ ಉಳಿದಿರುವುದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಆಳುವವರ ಭಾಷೆ ಫ್ರೆಂಚ್ ಆಯಿತು, ಸಾವಿರಾರು ಪದಗಳ ಜೊತೆ ಇದೂ ಬಂತು. ಇಂಗ್ಲಿಷ್‌ಗೆ ಬಂದಾಗ ಇದರ ಅರ್ಥ ದುಡಿಮೆ, ದಣಿವು. ಅದೇ ಪದಕ್ಕೆ ದೂರದ ಹಾದಿ ಸವೆಸು ಅನ್ನುವ ಅರ್ಥವೂ 14ನೇ ಶತಮಾನದ ಹೊತ್ತಿಗೆ ಸೇರಿಕೊಂಡಿತ್ತು.

ಅಂದರೆ ಗೂಟದಿಂದ ಹಿಂಸೆ, ಹಿಂಸೆಯಿಂದ ನೋವು, ನೋವಿನಿಂದ ದುಡಿಮೆ, ದುಡಿಮೆಯಿಂದ ಹಾದಿ. ನಡುವಿನ ಮೆಟ್ಟಿಲನ್ನೆಲ್ಲ ಕಿತ್ತುಹಾಕಿ ಮೊದಲನೆಯದನ್ನೂ ಕೊನೆಯದನ್ನೂ ಅಂಟಿಸಿದರೆ ಆ ಚಿತ್ರ ಸಿಗುತ್ತದೆ. ಟ್ರಾವೆಲ್ ಅಂತ ಬಾಯಿಬಿಟ್ಟು ಹೇಳಿದ ಯಾವ ಇಂಗ್ಲಿಷ್ ಮನುಷ್ಯನ ತಲೆಯಲ್ಲೂ ಯಾವತ್ತೂ ಮೂರು ಗೂಟ ಇರಲಿಲ್ಲ.

ತಕರಾರು:
ನನಗೆ ಇದೆಲ್ಲ ನಂಬಿಕೆ ಕಮ್ಮಿ. ಪಾಶ್ ಪದದ ಕಥೆ ನೆನಪಿದೆ ತಾನೇ? ಇಂಗ್ಲೆಂಡಿನಿಂದ ಭಾರತಕ್ಕೆ ಹೋಗುವ ಹಡಗಿನಲ್ಲಿ ದುಡ್ಡಿದ್ದವರು ಹೋಗುವಾಗ ಎಡಗಡೆಯ ಕೋಣೆ, ಬರುವಾಗ ಬಲಗಡೆಯ ಕೋಣೆ ಹಿಡಿಯುತ್ತಿದ್ದರಂತೆ, ಬಿಸಿಲು ತಪ್ಪಿಸಿಕೊಳ್ಳೋಕೆ. ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್, ನಾಲ್ಕು ಮೊದಲಕ್ಷರ ಸೇರಿ ಪಾಶ್. ಟಿಕೆಟ್ ಮೇಲೆ ಆ ಅಕ್ಷರಗಳ ಮುದ್ರೆ ಒತ್ತುತ್ತಿದ್ದರು ಅಂತ ಆಣೆ ಹಾಕಿ ಹೇಳುವವರಿದ್ದಾರೆ. ಆ ದಾರಿಯಲ್ಲಿ ಹಡಗು ಓಡಿಸುತ್ತಿದ್ದ ಪಿ ಆಂಡ್ ಓ ಕಂಪನಿಯ ದಾಖಲೆಗಳಲ್ಲಿ ಅಂಥ ಒಂದೇ ಒಂದು ಟಿಕೆಟ್ ಸಿಕ್ಕಿಲ್ಲ. ಈ ಮೊದಲಕ್ಷರದ ಕಥೆ ಅಚ್ಚಿನಲ್ಲಿ ಕಾಣಿಸಿಕೊಳ್ಳುವುದೇ 1930ರ ದಶಕದಲ್ಲಿ. ಪಾಶ್ ಅಂದರೆ ಶೋಕಿವಾಲ ಅಂತ 1890ರ ಒಂದು ಬೀದಿಮಾತಿನ ನಿಘಂಟಿನಲ್ಲಿ ಆಗಲೇ ಇದೆ.

ಕಥೆ ಎಷ್ಟು ಸೊಗಸಾಗಿದೆಯೋ ಅಷ್ಟು ಹುಷಾರಾಗಿರಬೇಕು. ಟ್ರಿಪಾಲಿಯಂ ಅನ್ನುವ ವಸ್ತು ಇತ್ತು ಅನ್ನುವುದಕ್ಕೆ ಏನಿದೆ ಸಾಕ್ಷಿ? ಚಿತ್ರ ಬರೆದವನು ನೋಡಿದ್ದನಾ?

ಪದಗಳ_ಹಿಂದೆ:
ತಕರಾರು ಸರ್, ಒಳ್ಳೆ ಪ್ರಶ್ನೆ. ಸಾಕ್ಷಿ ಇದೆ. 6ನೇ ಶತಮಾನದ ಕೊನೆಯ ಭಾಗದಲ್ಲಿ ಈಗಿನ ಫ್ರಾನ್ಸಿನ ಓಸೇರ್‌ನಲ್ಲಿ ಒಂದು ಚರ್ಚ್ ಸಭೆ ನಡೆಯಿತು. ಪಾದ್ರಿಗಳು ಏನು ಮಾಡಬಹುದು, ಏನು ಮಾಡಬಾರದು ಅಂತ ಅಲ್ಲಿ ನಿಯಮ ಮಾಡಿದರು. ಅದರಲ್ಲಿ ಒಂದು ನಿಯಮ, ಆರೋಪಿಗಳಿಗೆ ಹಿಂಸೆ ಕೊಡುವ ಟ್ರೆಪಾಲಿಯಂ ಹತ್ತಿರ ಪಾದ್ರಿಯಾಗಲಿ ಅವನ ಸಹಾಯಕನಾಗಲಿ ನಿಲ್ಲಬಾರದು. ಪದವೂ ಇದೆ, ಹಿಂಸೆಯೂ ಇದೆ, ಒಂದೇ ಸಾಲಿನಲ್ಲಿ.

ಆದರೆ ಆ ಸಾಲು ಹೇಳುವುದು ಅಷ್ಟೇ. ಗೂಟ ನೆಟ್ಟಗಿದ್ದವೋ ಅಡ್ಡಡ್ಡ ಇದ್ದವೋ, ಕೈ ಎಲ್ಲಿ ಕಟ್ಟುತ್ತಿದ್ದರು, ಕಾಲು ಎಲ್ಲಿ, ಇದ್ಯಾವುದೂ ಅದರಲ್ಲಿಲ್ಲ. ಹಾಗಾಗಿ ಓಡಾಡುತ್ತಿರುವ ಚಿತ್ರ ಬರೆದವರ ಕಲ್ಪನೆ. ಇನ್ನೊಂದು ವಿಷಯ, ಆ ಸಭೆ ನಡೆದಾಗ ಪಶ್ಚಿಮದ ರೋಮನ್ ಸಾಮ್ರಾಜ್ಯ ಬಿದ್ದು ನೂರು ವರ್ಷ ಕಳೆದಿತ್ತು. ಅಲ್ಲಿ ಆಳುತ್ತಿದ್ದವರು ಫ್ರಾಂಕರು. ಚಿತ್ರದಲ್ಲಿ ರೋಮನ್ ಸೈನಿಕ ಚಾಟಿ ಹಿಡಿದು ನಿಂತಿದ್ದರೆ ಅದೂ ಸುಮ್ನೆ ಸೇರಿಸಿದ್ದು.

ಲಾಳಗಾರ:
ಇಲ್ಲಿ ಯಾರೂ ಹೇಳದ ಒಂದು ಮಾತು. ಫ್ರೆಂಚ್‌ನಲ್ಲಿ ‘ತ್ರವಾಯ್’ ಅನ್ನುವುದಕ್ಕೆ ಕೆಲಸ ಅನ್ನುವ ಅರ್ಥದ ಜೊತೆ ಇನ್ನೊಂದು ಅರ್ಥ ಇವತ್ತಿಗೂ ಇದೆ. ದನಕ್ಕೆ, ಕುದುರೆಗೆ ಲಾಳ ಕಟ್ಟುವಾಗ ಅವನ್ನು ನಿಲ್ಲಿಸುವ ಮರದ ಚೌಕಟ್ಟು. ಯುರೋಪಿನ ಹಳೆಯ ಹಳ್ಳಿಗಳಲ್ಲಿ ಈಗಲೂ ಅಲ್ಲಲ್ಲಿ ನಿಂತಿವೆ.

ನಾಲ್ಕು ಮೂಲೆಗೆ ನಾಲ್ಕು ದಪ್ಪ ಕಂಬ, ಮೇಲೆ ಅಡ್ಡ ತೊಲೆ. ಎತ್ತನ್ನು ಒಳಗೆ ನುಗ್ಗಿಸಿ ಕುತ್ತಿಗೆಯನ್ನು ಮುಂದಿನ ಮರಕ್ಕೆ ಬಿಗಿಯುತ್ತಾರೆ. ಹೊಟ್ಟೆ ಕೆಳಗೆ ಅಗಲವಾದ ತೊಗಲಿನ ಪಟ್ಟಿ ಹಾಯಿಸಿ ಪಕ್ಕದ ಉರುಳುಮರಕ್ಕೆ ಸುತ್ತುತ್ತಾರೆ. ಅದನ್ನು ತಿರುಗಿಸಿದರೆ ಪಟ್ಟಿ ಬಿಗಿಯಾಗಿ ಎತ್ತಿನ ಭಾರವೆಲ್ಲ ಅದರ ಮೇಲೆ ಬರುತ್ತದೆ. ಕುದುರೆಯಾದರೆ ಮೂರು ಕಾಲಲ್ಲಿ ಆರಾಮಾಗಿ ನಿಲ್ಲುತ್ತದೆ, ಒಂದು ಕಾಲು ನಿಮ್ಮ ಮಡಿಲಿಗೆ ಕೊಡುತ್ತದೆ. ಎತ್ತಿಗೆ ಅದು ಕಷ್ಟ, ಮೈಭಾರ ನಿಮ್ಮ ಮೇಲೇ ಬಿಡುತ್ತದೆ. ಅದಕ್ಕೇ ಈ ವ್ಯವಸ್ಥೆ. ಗೊರಸನ್ನು ಹಿಂದಕ್ಕೆ ಮಡಚಿ ಒಂದು ಮರದ ತುಂಡಿನ ಮೇಲೆ ಕಟ್ಟಿ ಮೊಳೆ ಹೊಡೆಯುತ್ತಾರೆ. ಒಳಗಿರುವ ಪ್ರಾಣಿಗೆ ಅಲುಗಾಡೋಕೆ ಆಗುವುದಿಲ್ಲ.

ಈಗ ಹೇಳಿ, ಕಟ್ಟಿಹಾಕುವ ಮರದ ಚೌಕಟ್ಟು ಅಂದರೆ ಎರಡಕ್ಕೂ ಒಂದೇ ಹೆಸರು ಬರುವುದರಲ್ಲಿ ಆಶ್ಚರ್ಯ ಏನಿದೆ?

ತಕರಾರು:
ಇದು ನೋಡಿ ಮಾತು. ಲ್ಯಾಟಿನ್‌ನಲ್ಲಿ ತೊಲೆಗೆ ‘ತ್ರಾಬ್ಸ್’ ಅನ್ನುತ್ತಾರೆ. ಟ್ರಿಪಾಲಿಯಂ ಪದದ ಜೊತೆ ಈ ತ್ರಾಬ್ಸ್ ಕುಟುಂಬವೂ ಬೆರೆತಿರಬಹುದು ಅನ್ನುವ ವಾದ ಇದೆ. ಫ್ರಾನ್ಸಿನ ಭಾಷಾತಜ್ಞರಲ್ಲಿ ಕೆಲವರು ಚಿತ್ರಹಿಂಸೆಯ ಮೂಲವನ್ನೇ ಒಪ್ಪುವುದಿಲ್ಲ. ಅಲ್ಲಿ ಇದು ಬಿಸಿ ವಿಷಯ, ಯಾಕೆಂದರೆ ಅವರಿಗೆ ಆ ಪದ ಅಂದರೆ ಕೆಲಸ. ‘ಕೆಲಸ ಅಂದರೇನೇ ಹಿಂಸೆ’ ಅಂತ ಯಾರಾದರೂ ಭಾಷಣ ಶುರುಮಾಡಬೇಕಾದರೆ ಮೊದಲು ಹೊರಗೆ ಬರುವುದು ಈ ಮೂರು ಗೂಟ.

ಪದಗಳ_ಹಿಂದೆ:
ವಾದ ಇದೆ, ಒಪ್ಪುತ್ತೇನೆ. ಆದರೆ ಧ್ವನಿ ಬದಲಾವಣೆಯ ಲೆಕ್ಕ ಟ್ರಿಪಾಲಿಯಂ ಕಡೆಗೇ ಇದೆ. ಎರಡು ಸ್ವರದ ನಡುವಿನ ಪಕಾರ ಸ್ಪ್ಯಾನಿಷ್‌ನಲ್ಲಿ ಬಕಾರ ಆಗುತ್ತದೆ, ಫ್ರೆಂಚ್‌ನಲ್ಲಿ ವಕಾರ ಆಗುತ್ತದೆ. ‘ತ್ರಬಾಹೊ’, ‘ತ್ರವಾಯ್’ ಎರಡೂ ಅದೇ ದಾರಿಯಲ್ಲಿ ಬಂದಿವೆ. ದೊಡ್ಡ ನಿಘಂಟುಗಳು ಇವತ್ತಿಗೂ ಟ್ರಿಪಾಲಿಯಂ ಅನ್ನೇ ಕೊಡುತ್ತವೆ. ಲಾಳದ ಚೌಕಟ್ಟಿನ ಅರ್ಥ ಅದಕ್ಕೆ ಎದುರಾಗಿ ನಿಲ್ಲುವುದಿಲ್ಲ, ಜೊತೆಗೇ ನಿಲ್ಲುತ್ತದೆ.

ಅರ್ಧ_ಫ್ರೆಂಚ್:
ಫ್ರೆಂಚ್ ಕಲಿಯುತ್ತಿದ್ದೇನೆ, ಹಾಗಾಗಿ ಮೂಗು ತೂರಿಸುತ್ತೇನೆ. ಮಜಾ ಏನೆಂದರೆ ಈ ಪದವನ್ನು ಅಕ್ಕಪಕ್ಕದ ಭಾಷೆಗಳು ಹಂಚಿಕೊಂಡ ರೀತಿ. ಫ್ರೆಂಚ್, ಸ್ಪ್ಯಾನಿಷ್, ಪೋರ್ಚುಗೀಸ್ ಮೂರರಲ್ಲೂ ಅದು ಮಾಮೂಲಿ ಕೆಲಸ. ಬೆಳಗ್ಗೆ ಎದ್ದು ಹೋಗುವ ಕೆಲಸ. ಇಟಾಲಿಯನ್‌ನಲ್ಲಿ ಕೆಲಸಕ್ಕೆ ‘ಲವೋರೊ’ ಅನ್ನುತ್ತಾರೆ, ‘ತ್ರವಾಲ್ಯೊ’ ಅಂದರೆ ಯಾತನೆ, ಹೆರಿಗೆ ನೋವು. ಫ್ರೆಂಚ್‌ನಲ್ಲೂ ಹೆರಿಗೆ ಕೋಣೆಗೆ ‘ತ್ರವಾಯ್’ ಕೋಣೆ ಅನ್ನುವ ಮಾತಿದೆ. ಇಂಗ್ಲಿಷ್‌ನ ಲೇಬರ್ ವಾರ್ಡ್ ಥರ. ಅಲ್ಲೂ ದುಡಿಮೆ, ಹೆರಿಗೆ ಎರಡಕ್ಕೂ ಒಂದೇ ಪದ, ಗಮನಿಸಿ.

ಇನ್ನೊಂದು. ಫ್ರೆಂಚರಿಗೆ ಕೆಲಸ ಮಾಡು ಅನ್ನೋಕೆ ಮೊದಲು ‘ಊವ್ರೆ’ ಅಂತ ಬೇರೆ ಪದ ಇತ್ತು. ತೆರೆ ಅನ್ನುವ ‘ಊವ್ರೀರ್’ ಜೊತೆ ಅದು ಬೆರೆತು ಗೊಂದಲ ಆಗುತ್ತಿತ್ತು. 16ನೇ ಶತಮಾನದ ಹೊತ್ತಿಗೆ ಅದು ಹಿಂದೆ ಸರಿದು, ಕಷ್ಟಪಡು ಅನ್ನುವ ಪದ ಕೆಲಸ ಮಾಡು ಅನ್ನುವ ಜಾಗಕ್ಕೆ ಬಂದು ಕೂತಿತು. ಹಳೆಯದು ‘ಊವ್ರಿಯೆ’, ಅಂದರೆ ಕಾರ್ಮಿಕ, ಅನ್ನುವುದರಲ್ಲಿ ಉಳಿದಿದೆ. ಇಂಗ್ಲಿಷ್ ಗೊತ್ತಿದೆ ಅಂತ ಫ್ರೆಂಚ್‌ನಲ್ಲಿ ‘ನನಗೆ ತ್ರವಾಯ್ ಅಂದರೆ ಪ್ರಾಣ’ ಅಂತ ಹೇಳಿದರೆ ಎದುರಿನವರು ನಿಮ್ಮನ್ನು ಗಾಣದೆತ್ತು ಅಂದುಕೊಳ್ಳುತ್ತಾರೆ.

ಕಿಟಕಿ_ಸೀಟು:
ಸರಿ, ಆದರೆ ಇಂಗ್ಲಿಷ್‌ನವರು ಮಾತ್ರ ಯಾಕೆ ಇದನ್ನು ಪ್ರಯಾಣಕ್ಕೆ ಹಚ್ಚಿದರು? ದುಡಿಮೆ ಅಂತ ಇದ್ದದ್ದು ದಾರಿಗೆ ಹೇಗೆ ಹೋಯಿತು?

ಹಳೇ_ಮೇಷ್ಟ್ರು:
ಆ ಕಾಲದ ದಾರಿ ನೆನೆಸಿಕೊಂಡರೆ ಉತ್ತರ ಅಲ್ಲೇ ಇದೆ. ರೋಮನ್ನರು ಹಾಕಿಟ್ಟು ಹೋದ ಕಲ್ಲಿನ ರಸ್ತೆ ಕಿತ್ತುಹೋಗಿದೆ. ಬೇರೆಡೆ ಕೆಸರು. ಸೇತುವೆ ಅಪರೂಪ. ಕಾಡು ದಾಟಬೇಕು, ದರೋಡೆ ಭಯ. ಜೊತೆಗೆ ಎಲ್ಲರೂ ಬೇಕಾದ ಹಾಗೆ ಹೊರಡುವ ಹಾಗೂ ಇರಲಿಲ್ಲ. ಪ್ಲೇಗು ಬಂದು ಕೂಲಿಗೆ ಜನ ಸಿಗದ ಕಾಲ ಅದು. 1388ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕಾನೂನು ತಂದರು. ಕೂಲಿಯವರು, ಆಳುಗಳು ತಮ್ಮ ಸೀಮೆ ಬಿಟ್ಟು ಹೋಗಬೇಕಾದರೆ ರಾಜಮುದ್ರೆ ಇರುವ ಪತ್ರ ಕೈಯಲ್ಲಿರಬೇಕು. ತೀರ್ಥಯಾತ್ರೆಗೆ ಹೋಗುತ್ತೇನೆ ಅಂದರೂ ಬಿಡುತ್ತಿರಲಿಲ್ಲ, ಯಾಕೆಂದರೆ ಆ ನೆಪ ಹೇಳಿ ಜಾಸ್ತಿ ಕೂಲಿ ಕೊಡುವ ಕಡೆ ಓಡಿಹೋಗುತ್ತಿದ್ದರು.

ಇಂಥ ಕಾಲದಲ್ಲಿ ದೂರ ಹೋಗುವುದಕ್ಕೆ ಮೈಮುರಿದು ದುಡಿ ಅನ್ನುವ ಪದ ಅಂಟಿಕೊಂಡರೆ ಅದರಲ್ಲಿ ವಿಚಿತ್ರ ಏನೂ ಇಲ್ಲ. ಆಮೇಲೂ ದಾರಿ ಬೇಗ ಸುಧಾರಿಸಲಿಲ್ಲ. 1754ರ ಒಂದು ಜಾಹೀರಾತಿನಲ್ಲಿ ಎಡಿನ್‌ಬರೋದಿಂದ ಲಂಡನ್‌ಗೆ ಕುದುರೆಗಾಡಿ ಬೇಸಿಗೆಯಲ್ಲಿ 10 ದಿನ, ಚಳಿಗಾಲದಲ್ಲಿ 12 ದಿನ ಅಂತ ಹಾಕಿದ್ದಾರೆ. ಅದು ಹೆಮ್ಮೆಯಿಂದ ಹಾಕಿದ ಜಾಹೀರಾತು!

ಕಾಗುಣಿತದ ವಿಷಯವೂ ಹೇಳಿಬಿಡುತ್ತೇನೆ. ಕಷ್ಟ ಅನ್ನುವ ಟ್ರವೇಲ್, ಪ್ರಯಾಣ ಅನ್ನುವ ಟ್ರಾವೆಲ್, ಎರಡೂ ಮೊದಲು ಒಂದೇ ಪದ. ಹೇಗೆ ಬೇಕೋ ಹಾಗೆ ಬರೆಯುತ್ತಿದ್ದರು. ಫ್ರಾನ್ಸಿಸ್ ಬೇಕನ್ 1625ರಲ್ಲಿ ಅಚ್ಚು ಹಾಕಿಸಿದ ಪ್ರಬಂಧಗಳಲ್ಲಿ ಪ್ರವಾಸದ ಮೇಲೆ ಒಂದಿದೆ. ಅದರ ತಲೆಬರಹದಲ್ಲಿ ಪದ ಇರುವುದು ಟ್ರವೇಲ್ ಅಂತ, ಕಷ್ಟ ಅನ್ನುವ ಅರ್ಥದ ಕಾಗುಣಿತದಲ್ಲೇ. ಒಳಗೆ ಹೇಳುವುದೇನು ಗೊತ್ತಾ? ಎಳೆಯರಿಗೆ ಅದು ಶಿಕ್ಷಣದ ಒಂದು ಭಾಗ ಅಂತ. ಹೋದ ಕಡೆ ಆಸ್ಥಾನ ನೋಡಿ, ನ್ಯಾಯಾಲಯ ನೋಡಿ, ಕೋಟೆ, ಬಂದರು, ಗ್ರಂಥಾಲಯ ನೋಡಿ, ದಿನಚರಿ ಬರೆಯಿರಿ ಅಂತ ಪಟ್ಟಿ ಕೊಡುತ್ತಾನೆ. ಕಷ್ಟದ ಕಾಗುಣಿತ ಇಟ್ಟುಕೊಂಡೇ ಆರಾಮಾಗಿ ಊರು ಸುತ್ತುವ ಮಾತಾಡಿದ್ದಾನೆ. ಆ ಚಿತ್ರ ಹಂಚುವವರಿಗೆ ಇದೊಂದು ತೋರಿಸಿದರೆ ಸಾಕು. ಎರಡು ಕಾಗುಣಿತ ಪೂರ್ತಿ ಬೇರೆಯಾಗಿ ಎರಡು ಪದ ಆಗಿದ್ದು ಆಮೇಲೆ.

ನಿದ್ದೆಗೆಟ್ಟವಳು:
ಮೇಷ್ಟ್ರೇ, ನಮ್ಮಲ್ಲೂ ಹಾಗೇ ಅಲ್ವಾ? ಪ್ರಯಾಣ, ಪ್ರಯಾಸ. ಯಾತ್ರೆ, ಯಾತನೆ. ಎಲ್ಲ ಕಡೆ ಮನುಷ್ಯರು ಒಂದೇ ಥರ ಯೋಚನೆ ಮಾಡಿದ್ದಾರೆ.

ಹಳೇ_ಮೇಷ್ಟ್ರು:
ಕೇಳೋಕೆ ಚೆನ್ನಾಗಿದೆ ಕಣಮ್ಮ, ಆದರೆ ಅವು ಸಂಬಂಧಿಕರಲ್ಲ. ಪ್ರಯಾಣ ಬಂದದ್ದು ‘ಯಾ’ ಧಾತುವಿನಿಂದ, ಹೋಗು ಅಂತ ಅರ್ಥ. ಯಾತ್ರೆಯೂ ಅಲ್ಲಿಂದಲೇ. ಪ್ರಯಾಸ ಬಂದದ್ದು ‘ಯಸ್’ ಧಾತುವಿನಿಂದ, ಶ್ರಮಪಡು ಅಂತ. ಆಯಾಸ ಅದರ ತಮ್ಮ. ಯಾತನೆ ಮೂರನೆಯ ಮನೆಯದು, ‘ಯತ್’ ಧಾತು. ಮುಖ ಒಂದೇ ಥರ ಇದೆ ಅಂತ ಅಣ್ಣತಮ್ಮಂದಿರು ಅಂದುಕೊಳ್ಳಬಾರದು. ಸಂಸ್ಕೃತದ ಪ್ರಯಾಣ ಕನ್ನಡದ ಬಾಯಲ್ಲಿ ಸವೆದು ಪಯಣ ಆಯಿತು, ಆದರೂ ಅದಕ್ಕೆ ಹಿಂಸೆಯ ಗಾಳಿ ತಾಗಿಲ್ಲ.

ತಕರಾರು:
ನೋಡಿ, ಹೀಗೇ ನಾಳೆ ಯಾರಾದರೂ ‘ಯಾತ್ರೆಯ ನಿಜವಾದ ಅರ್ಥ ಯಾತನೆ’ ಅಂತ ಚಿತ್ರ ಮಾಡಿ ಬಿಡುತ್ತಾರೆ.

ನಿದ್ದೆಗೆಟ್ಟವಳು:
ನಾನು ಮಾಡಲ್ಲ, ಭರವಸೆ ಇಡಿ 😄 ಆದರೆ ಸಾಂಟರ್ ಅಂತ ಪದ ಇದೆಯಲ್ಲ, ಆರಾಮಾಗಿ ಸುತ್ತಾಡು ಅಂತ? ಅದು ಜೆರುಸಲೇಮ್ ಕಡೆ ಹೊರಟ ಯಾತ್ರಿಕರ ‘ಸೇಂಟ್ ತೇರ್’, ಪುಣ್ಯಭೂಮಿ, ಅನ್ನುವುದರಿಂದ ಬಂದದ್ದಂತೆ. ಅದಾದರೂ ನಿಜಾನಾ?

ಪದಗಳ_ಹಿಂದೆ:
ಅಲ್ಲ. ಅದನ್ನು ಜನಪ್ರಿಯ ಮಾಡಿದ್ದು ಅಮೆರಿಕದ ಥೋರೊ, ನಡಿಗೆಯ ಮೇಲೆ ಬರೆದ ಪ್ರಬಂಧದಲ್ಲಿ. 1862ರಲ್ಲಿ ಅಚ್ಚಾಯಿತು. ಬರಹ ಸೊಗಸಾಗಿದೆ, ಪದದ ಮೂಲ ಮಾತ್ರ ಅದಲ್ಲ. ನಿಘಂಟುಗಳು ಆ ಕಥೆಯನ್ನು ಒಪ್ಪುವುದಿಲ್ಲ.

ದಿನಗೂಲಿ:
ಜರ್ನಿ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ಟ್ರಾವೆಲ್‌ಗಿಂತ ಅದೇ ಇಷ್ಟ. ಫ್ರೆಂಚ್‌ನಲ್ಲಿ ‘ಜೂರ್’ ಅಂದರೆ ದಿನ. ಬೋಂಜೂರ್ ಅನ್ನುತ್ತಾರಲ್ಲ, ಅದೇ ಜೂರ್. ‘ಜೂರ್ನೆ’ ಅಂದರೆ ಒಂದು ದಿನದ ಅವಧಿ, ಒಂದು ದಿನದ ಕೆಲಸ, ಒಂದು ದಿನದಲ್ಲಿ ನಡೆಯಬಹುದಾದ ದೂರ. ಇಂಗ್ಲಿಷ್ ಈ ಕೊನೆಯದನ್ನು ಹಿಡಿದುಕೊಂಡಿತು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ನಿಘಂಟು ಮಾಡಿದಾಗಲೂ ಜರ್ನಿಗೆ ಮೊದಲು ಕೊಟ್ಟ ಅರ್ಥ ಒಂದು ದಿನದ ಪ್ರಯಾಣ ಅಂತಲೇ. ಜರ್ನಲ್ ಅಂದರೆ ದಿನದ ಬರಹ. ಅಡ್ಜರ್ನ್ ಅಂದರೆ ಇನ್ನೊಂದು ದಿನಕ್ಕೆ ಹಾಕು.

ಎಲ್ಲರೂ ಎಡವುವ ಜಾಗ ಜರ್ನಿಮ್ಯಾನ್. ಊರೂರು ಸುತ್ತುವ ಕುಶಲಕರ್ಮಿ ಅಂದುಕೊಳ್ಳುತ್ತಾರೆ. ಅಲ್ಲ. ಗುರುವಿನ ಹತ್ತಿರ ಕಲಿಕೆ ಮುಗಿಸಿ, ಸ್ವಂತ ಅಂಗಡಿ ಇನ್ನೂ ಇಲ್ಲದೆ, ದಿನದ ಲೆಕ್ಕದಲ್ಲಿ ಕೂಲಿ ಪಡೆಯುವವನು. ಅಂದರೆ ನನ್ನ ಹೆಸರೇ.

ಹಳೇ_ಮೇಷ್ಟ್ರು:
ದಿನಗೂಲಿ, ಇದಕ್ಕೆ ಕನ್ನಡದಲ್ಲಿ ಸರಿಯಾದ ಜೋಡಿ ಇದೆ, ಮಜಲು. ಒಂದು ದಿನ ನಡೆದು ತಂಗುವಷ್ಟು ದಾರಿ. ಈಗ ‘ಚರ್ಚೆ ಹೊಸ ಮಜಲಿಗೆ ಹೋಯಿತು’ ಅಂತ ಪತ್ರಿಕೆಯಲ್ಲಿ ಬರೆಯುವವರಿಗೆ ಅದು ನೆನಪಿಲ್ಲ. ಮೂಲ ಅರಬ್ಬಿಯ ಮಂಜಿಲ್, ಇಳಿದುಕೊಳ್ಳುವ ಜಾಗ ಅಂತ. ಅಂದಹಾಗೆ ಸಫಾರಿಯೂ ಅರಬ್ಬಿಯದೇ. ‘ಸಫರ್’ ಅಂದರೆ ಪ್ರಯಾಣ, ಸ್ವಾಹಿಲಿಗೆ ಹೋಗಿ ಸಫಾರಿ ಆಯಿತು, ಅಲ್ಲಿಂದ ಇಂಗ್ಲಿಷ್‌ಗೆ. ಸ್ವಾಹಿಲಿ ಆಡುವವರಿಗೆ ಅದು ಯಾವ ಪ್ರಯಾಣವಾದರೂ ಸರಿ, ನೆಂಟರ ಮನೆಗೆ ಬಸ್ಸಿನಲ್ಲಿ ಹೋದರೂ ಸಫಾರಿಯೇ. ಸಿಂಹ ನೋಡಲೇಬೇಕು ಅಂತ ಏನಿಲ್ಲ.

ಸುಮ್ನೆ_ಬಂದೆ:
ಹಾಗಾದರೆ ನಾರ್ಮನ್ನರು ಬರುವುದಕ್ಕೆ ಮೊದಲು ಇಂಗ್ಲಿಷ್‌ನವರು ಎಲ್ಲೂ ಹೋಗುತ್ತಲೇ ಇರಲಿಲ್ಲವಾ? ಪದವೇ ಇರಲಿಲ್ಲವಲ್ಲ.

ಪದಗಳ_ಹಿಂದೆ:
ಇತ್ತು, ಮತ್ತು ಈ ಚರ್ಚೆಯಲ್ಲಿ ನನಗೆ ಬೇಜಾರಾಗುವುದು ಆ ಪದದ ಬಗ್ಗೆಯೇ. ‘ಫರಾನ್’. ಹೋಗು, ಸಾಗು, ಪ್ರಯಾಣ ಮಾಡು, ಎಲ್ಲಕ್ಕೂ ಅದೇ. ಜರ್ಮನ್‌ನಲ್ಲಿ ‘ಫಾರೆನ್’ ಇವತ್ತಿಗೂ ದಿನನಿತ್ಯದ ಪದ. ಇಂಗ್ಲಿಷ್‌ನಲ್ಲಿ ಅದು ಸವೆದು ಫೇರ್ ಆಯಿತು. ಫೇರ್‌ವೆಲ್ ಅಂದರೆ ‘ಚೆನ್ನಾಗಿ ಹೋಗು’. ವೇಫೇರರ್ ಅಂದರೆ ದಾರಿಹೋಕ. ಥರೋಫೇರ್ ಅಂದರೆ ಹಾದುಹೋಗುವ ರಸ್ತೆ. ನದಿ ದಾಟಿಸುವ ಫೆರಿ, ನೀರು ಕಮ್ಮಿ ಇರುವ ಕಡೆ ದಾಟುವ ಫೋರ್ಡ್, ನಾರ್ವೆಯಲ್ಲಿ ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದ ಕವಲು ಫ್ಯೋರ್ಡ್, ಇವೆಲ್ಲ ಒಂದೇ ಬಳ್ಳಿಯವು.

ಅಷ್ಟು ದೊಡ್ಡ ಪದ. ಹೊರಗಿನಿಂದ ಬಂದ ಟ್ರಾವೆಲ್, ಜರ್ನಿ ಎರಡೂ ಸೇರಿ ಅದರ ಜಾಗ ಕಿತ್ತುಕೊಂಡವು. ಕೊನೆಗೆ ಅದಕ್ಕೆ ಉಳಿದದ್ದು ಟಿಕೆಟಿನ ದುಡ್ಡು. ಬಸ್ ಫೇರ್, ಟ್ರೇನ್ ಫೇರ್. ಪ್ರಯಾಣ ಮಾಡುವ ಪದ ಈಗ ಪ್ರಯಾಣಕ್ಕೆ ಚಾರ್ಜು ವಸೂಲಿ ಮಾಡುತ್ತಾ ಕೂತಿದೆ.

ಅರ್ಧ_ಫ್ರೆಂಚ್:
ಉಳಿದವನ್ನು ನಾನು ಬೇಗ ಮುಗಿಸಿಬಿಡಲಾ? ವಾಯೇಜ್ ಬಂದದ್ದು ಲ್ಯಾಟಿನ್ನಿನ ‘ವಿಯಾತಿಕುಂ’ ಅನ್ನುವುದರಿಂದ, ದಾರಿಖರ್ಚು, ದಾರಿಬುತ್ತಿ ಅಂತ. ಅದರೊಳಗಿನ ‘ವಿಯಾ’ ಅಂದರೆ ದಾರಿ. ಬಸ್ಸಿನ ಬೋರ್ಡಿನ ಮೇಲೆ ವಯಾ ಅಂತ ಇರುತ್ತದಲ್ಲ, ಅದೇ. ಫ್ರೆಂಚರಿಗೆ ವಾಯಾಜ್ ಅಂದರೆ ಯಾವ ಪ್ರಯಾಣವಾದರೂ ಆಗಬಹುದು, ಇಂಗ್ಲಿಷ್‌ನಲ್ಲೂ ಮೊದಲು ಹಾಗೇ ಇತ್ತು, ಆಮೇಲೆ ಹಡಗಿಗೆ ಮೀಸಲಾಯಿತು, ಈಗ ಬಾಹ್ಯಾಕಾಶಕ್ಕೂ. ಟೂರ್ ಬಂದದ್ದು ಗ್ರೀಕರ ‘ತೋರ್ನೋಸ್’, ಮರ ಕಡೆಯುವ ಚಕ್ರದ ಸಾಧನ, ಅದರಿಂದ. ಸುತ್ತು ಹಾಕಿ ಹೊರಟ ಜಾಗಕ್ಕೇ ಬರಬೇಕು. ಟ್ರಿಪ್ ಅಂದರೆ ಮೊದಲು ಹಗುರವಾಗಿ ಹೆಜ್ಜೆ ಹಾಕು, ಕುಣಿ ಅಂತ. ಆಮೇಲೆ ಎಡವು ಅಂತಲೂ ಆಯಿತು. 17ನೇ ಶತಮಾನದ ಕೊನೆಯಲ್ಲಿ ನಾವಿಕರು ಸಣ್ಣ ಸುತ್ತಿಗೆ ಟ್ರಿಪ್ ಅನ್ನತೊಡಗಿದರು.

ಇನ್ನೊಂದು ಚಿಕ್ಕದು. ಅರೈವ್ ಅಂದರೆ ಲ್ಯಾಟಿನ್ನಿನ ‘ಆದ್ ರೀಪಂ’, ದಡಕ್ಕೆ. ಏರ್‌ಪೋರ್ಟಿನಲ್ಲಿ ಅರೈವಲ್ಸ್ ಅಂತ ಬೋರ್ಡ್ ನೋಡಿದಾಗೆಲ್ಲ ನನಗೆ ದೋಣಿಯಿಂದ ಇಳಿದ ಹಾಗೆ ಅನ್ನಿಸುತ್ತದೆ.

ತಕರಾರು:
ಈ ಗೂಟದ ಕಥೆ ಇಷ್ಟು ಹಬ್ಬೋಕೆ ಇನ್ನೊಂದು ಕಾರಣ ಇದೆ, ಅದು ಜಂಬ. ಅಮೆರಿಕದ ಇತಿಹಾಸಕಾರ ಡೇನಿಯಲ್ ಬೂರ್‌ಸ್ಟಿನ್ 1961ರಲ್ಲಿ ಒಂದು ವಾದ ಮಾಡಿದ. ಟ್ರಾವೆಲರ್ ಅಂದರೆ ಕಷ್ಟಪಟ್ಟು ಹೋಗುವವನು, ಟೂರಿಸ್ಟ್ ಅಂದರೆ ಎಲ್ಲವನ್ನೂ ಇನ್ನೊಬ್ಬರು ಮಾಡಿಕೊಡಲಿ ಅಂತ ಕೂರುವವನು. ಅದಕ್ಕೆ ಆಧಾರವಾಗಿ ಟ್ರೆಪಾಲಿಯಂ ತಂದ. ಅಂದಿನಿಂದ ‘ನಾನು ಟೂರಿಸ್ಟ್ ಅಲ್ಲ, ಟ್ರಾವೆಲರ್’ ಅನ್ನುವವರಿಗೆ ಲ್ಯಾಟಿನ್ ಸರ್ಟಿಫಿಕೇಟ್ ಸಿಕ್ಕಿತು.

ಈ ಟೂರಿಸ್ಟ್‌ಗಳನ್ನೇ ನೋಡಿ. ಆಮೇಲೆ ಪ್ರವಾಸದ ಕಂಪನಿ ಕಟ್ಟಿದ ಇಂಗ್ಲೆಂಡಿನ ಥಾಮಸ್ ಕುಕ್ 1841ರ ಜುಲೈ 5ರಂದು ಲೆಸ್ಟರ್‌ನಿಂದ ಲಫ್‌ಬರೋಗೆ ಸುಮಾರು 500 ಜನರನ್ನು ರೈಲಿನಲ್ಲಿ ಕರೆದುಕೊಂಡು ಹೋದ. ತಲೆಗೆ ಒಂದು ಶಿಲಿಂಗ್. ಮದ್ಯಪಾನ ವಿರೋಧಿ ಸಭೆಗೆ ಹೋದವರು ಅವರು. ಜೀವನದಲ್ಲಿ ಊರಾಚೆ ಹೋಗುವ ಅವಕಾಶ ಕಮ್ಮಿ ಇದ್ದ ಜನಕ್ಕೆ ಒಂದು ದಿನ ಸಿಕ್ಕಿತು. ಅವರು ಸಾಕಷ್ಟು ನರಳಲಿಲ್ಲ, ಆದ್ದರಿಂದ ಅದು ನಿಜವಾದ ಟ್ರಾವೆಲ್ ಅಲ್ಲ ಅನ್ನುವುದು ಅನ್ಯಾಯ. ಮೂಲ ಅರ್ಥವೇ ನಿಜವಾದ ಅರ್ಥ ಅಂತ ಹಟ ಹಿಡಿದರೆ ನೈಸ್ ಅನ್ನುವ ಪದಕ್ಕೂ ಅದೇ ನ್ಯಾಯ ಹಚ್ಚಬೇಕು. ಅದು ಬಂದದ್ದು ಲ್ಯಾಟಿನ್ನಿನ ‘ನೆಸ್ಕಿಯುಸ್’ ಅನ್ನುವುದರಿಂದ, ಏನೂ ತಿಳಿಯದವನು ಅಂತ. ಯಾರಾದರೂ ನೈಸ್ ಫೋಟೋ ಅಂದರೆ ಜಗಳಕ್ಕೆ ಹೋಗುತ್ತೀರಾ?

ಲಾಳಗಾರ:
ಬೂರ್‌ಸ್ಟಿನ್ ಅಷ್ಟು ಸಸಾರ ಅಲ್ಲ ಬಿಡಿ. ಸಾಗುವವನ ಶ್ರಮ ಕಮ್ಮಿಯಾದಷ್ಟೂ ಜಾಗದ ಜೊತೆ ಸಂಬಂಧ ಕಮ್ಮಿಯಾಗುತ್ತದೆ ಅನ್ನುವ ಅವನ ಮಾತಿನಲ್ಲಿ ಹುರುಳಿದೆ. ಕುದುರೆ ಮೇಲೆ ಹೋದವನಿಗೆ ಏರು ಎಲ್ಲಿದೆ, ನೀರು ಎಲ್ಲಿದೆ ಅಂತ ಗೊತ್ತಿರುತ್ತದೆ. ಮೂವತ್ತು ಸಾವಿರ ಅಡಿ ಮೇಲೆ ಹೋದವನಿಗೆ ಮೋಡ ಗೊತ್ತು.

ತಕರಾರು:
ಮಾತಿನಲ್ಲಿ ಹುರುಳಿರಲಿ, ನಾನು ಬೇಡ ಅನ್ನಲ್ಲ. ಅದನ್ನು ಗೂಟಕ್ಕೆ ಕಟ್ಟಬೇಡಿ ಅಷ್ಟೇ.

ಕಿಟಕಿ_ಸೀಟು:
ಇಷ್ಟೊಂದು ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಕೊನೆಗೆ ಬಳಕೆಯ ಪ್ರಶ್ನೆ. ‘ಐ ಹ್ಯಾಡ್ ಎ ಗುಡ್ ಟ್ರಾವೆಲ್’ ಅಂತ ಬರೆದಾಗ ಒಬ್ಬರು ತಿದ್ದಿದರು. ಯಾಕೆ? ಟ್ರಾವೆಲರ್‌ಗೆ ಎಲ್ ಒಂದಾ ಎರಡಾ?

ಹಳೇ_ಮೇಷ್ಟ್ರು:
ತಿದ್ದಿದವರು ಸರಿ. ಟ್ರಾವೆಲ್ ನಾಮಪದವಾದಾಗ ಅದನ್ನು ಎಣಿಸುವ ಹಾಗಿಲ್ಲ. ಒಂದು ಟ್ರಾವೆಲ್, ಎರಡು ಟ್ರಾವೆಲ್ ಅಂತ ಇಂಗ್ಲಿಷ್‌ನಲ್ಲಿ ಇಲ್ಲ. ಒಂದು ಸಲ ಹೋಗಿ ಬಂದದ್ದಕ್ಕೆ ಟ್ರಿಪ್ ಅನ್ನಿ. ಹೋದ ದಾರಿಯ ಬಗ್ಗೆಯೇ ಮಾತಾದರೆ ಜರ್ನಿ ಅನ್ನಿ. ಬಹುವಚನದಲ್ಲಿ ಮಾತ್ರ ‘ಮೈ ಟ್ರಾವೆಲ್ಸ್’ ನಡೆಯುತ್ತದೆ, ಅಲ್ಲಿ ಇಲ್ಲಿ ಸುತ್ತಿದ್ದೆಲ್ಲ ಸೇರಿಸಿ ಹೇಳುವಾಗ. ಎಲ್ ವಿಷಯ, ಬ್ರಿಟಿಷ್ ಬರವಣಿಗೆಯಲ್ಲಿ ಎರಡು, ಅಮೆರಿಕದಲ್ಲಿ ಒಂದು. ಕೊನೆಯ ಅಕ್ಷರಭಾಗದ ಮೇಲೆ ಒತ್ತು ಇಲ್ಲದಿದ್ದರೆ ವ್ಯಂಜನ ಇಮ್ಮಡಿ ಬೇಡ ಅನ್ನುವುದು ಅಮೆರಿಕದವರ ಲೆಕ್ಕ. ಕ್ಯಾನ್ಸಲ್ ಪದಕ್ಕೂ ಹೀಗೇ. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ, ಒಂದೇ ಪತ್ರದಲ್ಲಿ ಎರಡೂ ಬೇಡ.

ಸುಮ್ನೆ_ಬಂದೆ:
ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಟ್ರಾವೆಲ್ ಮಾಡುತ್ತದೆ ಅಂತ ಪಾಠದಲ್ಲಿ ಓದಿದ್ದೇವೆ. ಪಾಪ, ಎಷ್ಟು ನರಳುತ್ತಿದೆಯೋ.

ದಿನಗೂಲಿ:
ಬೆಳಕಿಗೆ ಏನೂ ಆಗಲ್ಲ. ಟ್ರಾವೆಲ್ ಮಾಡಿದ್ದಕ್ಕೆ ಶಿಕ್ಷೆ ಇರುವ ಜಾಗ ಬೇರೆ ಇದೆ, ಬಾಸ್ಕೆಟ್‌ಬಾಲ್. ಚೆಂಡು ಪುಟಿಸದೆ ಹೆಜ್ಜೆ ಜಾಸ್ತಿ ಇಟ್ಟರೆ ಟ್ರಾವೆಲಿಂಗ್ ಅಂತ ಸೀಟಿ ಊದುತ್ತಾರೆ, ಚೆಂಡು ಎದುರು ತಂಡಕ್ಕೆ.

ಸುಮ್ನೆ_ಬಂದೆ:
ಅಲ್ಲೂ ಗೂಟ ಎರಡೇ ಇರೋದು. ಮೂರನೆಯದು ರೆಫರಿ ಅನ್ನಿಸುತ್ತೆ.